ಚಪ್ಪಲಿ ಬಿಡುವ ಜಾಗ

ಫೆಬ್ರವರಿ 9, ಬೆಳಿಗ್ಗೆ

ಅತ್ತೆಯ ಮಾತ್ರೆ ಡಬ್ಬಿಗೆ ವಾರದ್ದು ತುಂಬಿಸಿದೆ. ಬಿಳಿಯದು ಅರ್ಧ, ಹಳದಿ ಪೂರ್ತಿ. ಮೂತ್ರ ಹೋಗುವ ಮಾತ್ರೆ ಕಂಡರೆ ಅವರಿಗಾಗುವುದಿಲ್ಲ. “ಬಾತ್‌ರೂಮಿಗೆ ಓಡಾಡೋದೇ ಒಂದು ನೌಕರಿ ಆಗಿದೆ ಕಣೇ, ರಜಾನೂ ಇಲ್ಲ.” ನಕ್ಕೆ. ನಗುವಂಥದ್ದೇನಿಲ್ಲ. ಕಾಲಿನ ಊತ ಮೊಣಕಾಲು ಮುಟ್ಟಿದೆ.

ನಿನ್ನೆ ಹಾರ್ಟ್ ಡಾಕ್ಟರು ಸುತ್ತುಬಳಸದೆ ಹೇಳಿದರು. ವಾಲ್ವ್ ಬದಲಾಯಿಸಲೇಬೇಕು. ಈ ತಿಂಗಳು ದಾಟಿಸಬೇಡಿ. ಅತ್ತೆ ಅವರ ಎದುರಿಗೇ — “ನನ್ನ ಮಗ ಬರ್ಲಿ, ಆಮೇಲೆ ನೋಡೋಣ.”

ಡಾಕ್ಟರು ನನ್ನ ಕಡೆ ತಿರುಗಿದರು. ಮಗ ಎಲ್ಲಿದ್ದಾರೆ?

ಏನಂತ ಹೇಳಲಿ. ಮೂರು ವರ್ಷದ ಹಿಂದೆ ಟಿಫಿನ್ ಬಾಕ್ಸ್ ಹಿಡಿದು ಕೆಲಸಕ್ಕೆ ಹೋದವರು ಇನ್ನೂ ಬಂದಿಲ್ಲ ಎನ್ನಲೇ? ಫೋನು ಚಾರ್ಜಿಗೆ ಹಾಕಿದ್ದು ಹಾಗೇ ಇತ್ತು, ಪೊಲೀಸರಿಗೂ ನಮ್ಮ ಕೇಸು ಹಳಸಿಹೋಗಿದೆ ಎನ್ನಲೇ? “ಊರಲ್ಲಿಲ್ಲ” ಎಂದೆ. ಸುಳ್ಳಲ್ಲ.

ಕನ್ನಡಕದ ಅಂಗಡಿಗೆ ಲೇಟಾಯಿತು. ಇಡೀ ದಿನ ಜನರ ಕಣ್ಣು ಪರೀಕ್ಷೆ. ಈ ಗಾಜು ಸ್ಪಷ್ಟವೋ, ಆ ಗಾಜೋ? ಈ ಗಾಜೋ, ಆ ಗಾಜೋ?

ಫೆಬ್ರವರಿ 11, ಸಂಜೆ

ಅಕ್ಷರವೆಲ್ಲ ಸೊಟ್ಟ.

ಮಹಡಿ ಮೇಲಿನ ಟೀಚರ್ ಪ್ರವಾಸ ಮುಗಿಸಿ ಬಂದಿದ್ದಾರೆ. ಸಿಖ್ಖರ ಆ ಹಳೇ ಪುಣ್ಯಕ್ಷೇತ್ರಕ್ಕೆ ಹೋಗಿದ್ದರಂತೆ. ಫೋನಿನಲ್ಲಿ ಒಂದೊಂದೇ ವಿಡಿಯೋ ತೋರಿಸುತ್ತ ಕೂತರು. ಬಿಳಿ ಕಲ್ಲಿನ ಅಂಗಳ, ನೀರು, ನೀರಿನ ನಡುವೆ ಗುರುದ್ವಾರ. ಹ್ಞೂಂ, ಚೆನ್ನಾಗಿದೆ, ಹ್ಞೂಂ, ಎನ್ನುತ್ತಿದ್ದೆ. ಒಲೆಯ ಮೇಲೆ ಹಾಲಿಟ್ಟು ಬಂದಿದ್ದೆ.

ಒಂದರಲ್ಲಿ ಅವರ ಮಗಳು ಕ್ಯಾಮೆರಾಕ್ಕೆ ಹಲ್ಲುಕಿರಿಯುತ್ತಿದ್ದಾಳೆ. ಹಿಂದೆ ಒಬ್ಬ ತಟ್ಟೆಗಳ ಬುಟ್ಟಿ ಹೊತ್ತು ಹೋಗುತ್ತಾನೆ. ತಲೆಗೆ ಕೇಸರಿ ಬಟ್ಟೆ, ಗಡ್ಡ. ಹೋಗುತ್ತ ಹೋಗುತ್ತ ಎಡಭುಜವೆತ್ತಿ ಕಿವಿ ಉಜ್ಜಿಕೊಂಡ.

ಇವರದು ಲಿಫ್ಟ್ ರಿಪೇರಿ ಕೆಲಸ, ಕೈತುಂಬ ಗ್ರೀಸ್. ಕಿವಿ ತುರಿಸಿದರೆ ಭುಜವೇ ಗತಿ. ಇವರಿಗೆ ಅದು ಮನೆಯಲ್ಲೂ ಅಭ್ಯಾಸ. ಮದುವೆ ಫೋಟೋದಲ್ಲೂ ಹಾಗೇ ಬಿದ್ದಿದ್ದಾರೆ.

ಇನ್ನೊಂದ್ಸಲ ಹಾಕಿ ಎಂದೆ. ಟೀಚರ್ ಹಾಕಿದರು. ಮಗಳು ಮುದ್ದಾಗಿದ್ದಾಳೆ, ಇದನ್ನ ನನಗೂ ಕಳಿಸಿ ಎಂದೆ.

ಹಾಲು ಉಕ್ಕಿ ಒಲೆಯೆಲ್ಲ ಹೊಲಸಾಗಿತ್ತು.

ಫೆಬ್ರವರಿ 12

ಯಾರಿಗೂ ಹೇಳುವುದಿಲ್ಲ. ಹೇಳಿ, ಅದು ಅವರಲ್ಲದಿದ್ದರೆ? ಅತ್ತೆಯ ಕಥೆ ಅಲ್ಲೇ ಮುಗಿಯುತ್ತದೆ.

ಅಂಗಡಿಯಿಂದ ಟ್ರೇನಿಂಗಿಗೆ ಕಳಿಸುತ್ತಿದ್ದಾರೆ ಎಂದೆ. ಕಣ್ಣಿನ ಹೊಸ ಮೆಷಿನ್ ಬಂದಿದೆ, ಕಲಿಯಬೇಕು. ಅತ್ತೆ — “ಒಬ್ಳೇ ಹೋಗ್ತೀಯಾ ಅಷ್ಟು ದೂರ?” ಒಬ್ಬಳೇ ಎಲ್ಲಿಗೂ ಹೋದವಳಲ್ಲ ನಾನು. ಪಕ್ಕದೂರಿಗೂ. ನಾದಿನಿ ಬಂದು ಅಮ್ಮನ ಜೊತೆ ಇರಲು ಒಪ್ಪಿದಳು. ಯಾಕೋ ನನ್ನ ಮುಖವನ್ನೇ ನೋಡಿದಳು. “ಅತ್ತಿಗೆ, ಟ್ರೇನಿಂಗೇ ತಾನೆ?”

“ಇನ್ನೇನಿರತ್ತೆ?”

ಫೆಬ್ರವರಿ 15, ಮಧ್ಯಾಹ್ನ

ತಲುಪಿದೆ. ಬೆನ್ನು ಹಿಡಿದುಕೊಂಡಿದೆ. ರೈಲಿನಲ್ಲಿ ಕಣ್ಣು ಮುಚ್ಚಿಲ್ಲ — ಬ್ಯಾಗು ತಲೆದಿಂಬು, ಅದರ ಪಟ್ಟಿ ಮಣಿಕಟ್ಟಿಗೆ ಸುತ್ತಿಕೊಂಡು ಮಲಗಿದ್ದೆ.

ಲಾಡ್ಜಿನ ಕೌಂಟರಿನವನು ನನ್ನ ಹಿಂದೆ ಯಾರಾದರೂ ಇದ್ದಾರಾ ಎಂದು ಬಗ್ಗಿ ನೋಡಿದ. ಒಬ್ಬರೇನಾ? ಒಬ್ಬಳೇ. ದರ್ಶನಕ್ಕಾ? ಹ್ಞೂಂ. ರೂಮಿನ ಚಿಲಕ ಸಡಿಲ. ಕುರ್ಚಿ ಎಳೆದು ಬಾಗಿಲಿಗೆ ಒತ್ತಿಟ್ಟಿದ್ದೇನೆ. ಕಿಟಕಿಯಾಚೆ ಓಣಿ. ಎರಡು ಸೈಕಲ್ ಎದುರುಬದುರಾದರೆ ಒಬ್ಬ ಇಳಿಯಲೇಬೇಕು. ಈ ಊರಲ್ಲಿ ಗಡ್ಡ, ಪೇಟ ಇಲ್ಲದವರೇ ಕಡಿಮೆ. ಪ್ರತಿಯೊಂದು ಗಡ್ಡದ ಹಿಂದೆಯೂ ಇವರ ಗದ್ದ ಹುಡುಕಿ ಹುಡುಕಿ ಸಾಕಾಗಿದೆ.

ಅದೇ, ಸಂಜೆ

ತಲೆಗೆ ಸೆರಗು ಹೊದ್ದು ಒಳಗೆ ಹೋದೆ. ಅಷ್ಟು ಜನ, ಆದರೆ ನೂಕಾಟವಿಲ್ಲ. ಹಾಡು ತೇಲಿ ಬರುತ್ತಿತ್ತು. ಅರ್ಥ ಆಗಲಿಲ್ಲ. ನೀರಿನ ಅಂಚಿಗೆ ಕೂರಬೇಕೆನಿಸಿತು. ಕೂರಲಿಲ್ಲ. ಕೂರಲು ಬಂದವಳಲ್ಲ.

ಊಟದ ಹಾಲ್ — ಲಂಗರ್ ಎನ್ನುತ್ತಾರೆ. ಯಾರು ಬಂದರೂ ನೆಲದ ಮೇಲೆ ಒಂದೇ ಸಾಲು, ಒಂದೇ ಊಟ. ಊಟ ಮಾಡಿದೆ. ಬಡಿಸುವವರ ಮುಖ ನೋಡುತ್ತ ಏನು ತಿಂದೆನೋ ತಿಳಿಯದು. ತಟ್ಟೆ ತೊಳೆಯುವ ಕಡೆಗೂ ಹೋದೆ. ಕಿವಿ ಗಡಚಿಕ್ಕುವ ಸದ್ದು. ನಾನೂ ತೊಟ್ಟಿಯ ಮುಂದೆ ನಿಂತು ತೊಳೆದೆ, ಸುಮ್ಮನೆ ನಿಂತರೆ ಅನುಮಾನ ಬರುತ್ತದೆಂದು. ಪಕ್ಕದ ಹೆಂಗಸರಿಗೆ ವಿಡಿಯೋ ತೋರಿಸಿ ಹರಕುಮುರುಕು ಭಾಷೆಯಲ್ಲಿ ಕೇಳಿದೆ. ಇವರು ಗೊತ್ತಾ? ನಕ್ಕರು. ಇಲ್ಲಿ ಎಲ್ಲರೂ ವೀರ್‌ಜೀ, ಎಲ್ಲರೂ ಅಣ್ಣಂದಿರೇ. ಹೆಸರು ಯಾರು ಕೇಳುತ್ತಾರೆ?

ಕಳೆದುಹೋಗಬೇಕೆನ್ನುವವರಿಗೆ ಹೇಳಿ ಮಾಡಿಸಿದ ಊರು.

ಫೆಬ್ರವರಿ 16, ಬೆಳಿಗ್ಗೆ

ಸಿಕ್ಕರು.

ನಿನ್ನೆ ಹೋದ ಬಾಗಿಲು ಬಿಟ್ಟು ಇನ್ನೊಂದು ಕಡೆಯಿಂದ ಹೋದೆ. ಅಲ್ಲೂ ಚಪ್ಪಲಿ ಬಿಡುವ ಕೌಂಟರು. ನೆಲಕ್ಕಿಂತ ತಗ್ಗು, ಒಳಗೆ ನಿಂತವರ ಎದೆಮಟ್ಟಕ್ಕೆ ನಮ್ಮ ಕಾಲು. ಬಿಳಿಗಡ್ಡದ ಸರ್ದಾರ್‌ಜಿ ಒಬ್ಬರು ಬಿಲ್ಲೆ ಕೊಡುತ್ತಿದ್ದರು. ಪಕ್ಕದವನು ಎರಡೂ ಕೈ ಚಾಚಿ ಚಪ್ಪಲಿ ಇಸಿದುಕೊಳ್ಳುತ್ತಿದ್ದ, ಪ್ರಸಾದ ಇಸಿದುಕೊಂಡ ಹಾಗೆ. ಮುಖ ಎತ್ತುವುದಿಲ್ಲ. ನನ್ನ ಚಪ್ಪಲಿ ಕೊಟ್ಟೆ. ಇಸಿದುಕೊಂಡವನ ಬಲಗೈ ಹೆಬ್ಬೆರಳಿನ ಉಗುರು ಇಬ್ಭಾಗ. ಲಿಫ್ಟಿನ ಬಾಗಿಲಿಗೆ ಸಿಕ್ಕಿದ್ದು. ನಾನೇ ಅರಿಸಿನ ಹಚ್ಚಿ ಬಟ್ಟೆ ಸುತ್ತಿದ್ದ ಬೆರಳು.

ಬಿಲ್ಲೆ ಹಿಡಿದು ಅಲ್ಲೇ ನಿಂತೆ. ಹಿಂದಿನವರು ಮುಂದೆ ಸರಿಯಿರಿ ಎಂದರು. ಸರಿದೆ.

ಇಷ್ಟು ದಿನ ಕನಸಿನಲ್ಲಿ ಎಷ್ಟು ಬೈದಿದ್ದೆ! ಒಂದು ಬೈಗುಳವೂ ನೆನಪಿಗೆ ಬರಲಿಲ್ಲ. ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ. ಕಾಲು ಬರಿಗಾಲು. ಚಪ್ಪಲಿ ಅಲ್ಲೇ ಇದೆ, ಅವರ ಹತ್ತಿರ.

ಅದೇ, ಸಂಜೆ

ಚಪ್ಪಲಿ ತರಲು ಹೋದೆ. ಅವರಿರಲಿಲ್ಲ. ಸರ್ದಾರ್‌ಜಿ ತಂದುಕೊಟ್ಟರು. ಕಾಲಿಗೆ ಹಾಕಿಕೊಳ್ಳುವಾಗ ನೋಡುತ್ತೇನೆ — ಎಡಗಾಲಿನದು ಒಂದು ತಿಂಗಳಿಂದ ಬಾರು ಬಿಟ್ಟಿತ್ತು, ಪಿನ್ನು ಚುಚ್ಚಿಕೊಂಡು ಓಡಾಡುತ್ತಿದ್ದೆ. ಈಗ ಪಿನ್ನಿಲ್ಲ. ಕಪ್ಪು ದಾರದಲ್ಲಿ ಅಚ್ಚುಕಟ್ಟಾಗಿ ಹೊಲಿದಿದೆ.

ಎಲ್ಲರದ್ದೂ ಹೊಲಿಯುತ್ತೀರಾ ಎಂದು ಕೇಳಿದೆ. ಒರೆಸಿಡುತ್ತೇವೆ, ಹೊಲಿಯುವುದಿಲ್ಲ ಎಂದರು.

ಅಂದರೆ ಗೊತ್ತು. ಮುಖ ನೋಡದೆಯೂ ಗೊತ್ತು. ಗೊತ್ತಿದ್ದೂ ಎದ್ದು ಹೋಗಿದ್ದಾರೆ.

ಈಗ ಸಿಟ್ಟು ಬಂತು. ಬರಲಿ.

ಫೆಬ್ರವರಿ 17, ರಾತ್ರಿ

ಬೆಳಿಗ್ಗೆ ಜನ ಸೇರುವ ಮೊದಲೇ ಕೌಂಟರಿನ ಮುಂದೆ ನಿಂತೆ. ಚಪ್ಪಲಿ ಬಿಚ್ಚಲಿಲ್ಲ. ನಿಂತೇ ಇದ್ದೆ. ಎರಡು ಕೈ ಚಾಚಿಕೊಂಡವು, ಕಾದವು, ಆಮೇಲೆ ಕೆಳಗಿಳಿದವು. ತಲೆ ಎತ್ತಿದರು.

“ಊಟ ಆಯ್ತಾ?”

ಮೂರು ವರ್ಷ ಆದ ಮೇಲೆ ಗಂಡ ಕೇಳಿದ್ದು ಇದನ್ನು! ಬೆಳಗಿನ ಹೊತ್ತು ಬೇರೆ, ಎಂಥ ಊಟ. ನಗುವೋ ಅಳುವೋ ಏನೋ ಒಂದು ಬಂತು. ಯಾರು ಎಂದು ಸರ್ದಾರ್‌ಜಿ ಸನ್ನೆಯಲ್ಲೇ ಕೇಳಿದರು. ಮನೆಯವರು ಅಂತ ಇವರು ಏನೋ ಹೇಳಿದರು. ಸರ್ದಾರ್‌ಜಿ ಹಿಂದಿನ ಬಾಗಿಲು ತೆಗೆದು ಬೆಂಚು ತೋರಿಸಿ, ತಾವೇ ಚಪ್ಪಲಿ ಇಸಿದುಕೊಳ್ಳಲು ನಿಂತರು.

“ಯಾಕೆ?” ಎಂದೆ. ಅಷ್ಟೇ ಬಂದಿದ್ದು.

“ಬಸ್ಸಲ್ಲಿ ಕೂತಿದ್ದೆ. ನನ್ನ ಸ್ಟಾಪ್ ಬಂತು. ಏಳ್ಬೇಕಿತ್ತು. ಏಳ್ಲಿಲ್ಲ.”

“ಅಷ್ಟೇನಾ?”

“ಮುಂದಿನ ಸ್ಟಾಪಲ್ಲಿ ಇಳಿಯೋಣ ಅಂದ್ಕೊಂಡೆ. ಅದೂ ಹೋಯ್ತು. ಎದೆ ಮೇಲಿಂದ ಏನೋ ಇಳಿಸಿಟ್ಟ ಹಾಗಾಯ್ತು. ಸಂಜೆ ವಾಪಸ್ ಬರೋಣ ಅಂದ್ರೆ ಏನಂತ ಹೇಳ್ಲಿ ನಿಂಗೆ? ಮಾರನೇ ದಿನ ಹೇಳೋದು ಇನ್ನೂ ಕಷ್ಟ ಆಯ್ತು. ಆಮೇಲೆ ಆಗ್ಲೇ ಇಲ್ಲ.”

“ನಾನೇನಾದ್ರೂ ಅಂದಿದ್ನಾ? ಅಮ್ಮ ಏನಾದ್ರೂ ಅಂದ್ರಾ?”

“ಇಲ್ಲ. ಯಾರೂ ಏನೂ ಅಂದಿಲ್ಲ. ಕಾರಣ ಇದ್ದಿದ್ರೆ ಚೆನ್ನಾಗಿತ್ತು.”

ಕೈಯಲ್ಲಿ ಯಾರದ್ದೋ ಮಗುವಿನ ಬೂಟು. ಅದನ್ನೇ ಒರೆಸುತ್ತಿದ್ದರು. ಒರೆಸಿದ್ದನ್ನೇ ಒರೆಸುತ್ತಿದ್ದರು. ನನಗೆ ಎಲ್ಲಿತ್ತೋ ಧೈರ್ಯ, ಬೂಟು ಕಿತ್ತು ಬದಿಗಿಟ್ಟೆ.

“ನಾನು ಶವಾಗಾರಕ್ಕೆ ಹೋಗಿದ್ದೀನಿ, ಗೊತ್ತಾ ನಿನಗೆ? ಬಟ್ಟೆ ಸರಿಸಿ ಸರಿಸಿ ಮುಖ ನೋಡಿದ್ದೀನಿ. ನೀನಲ್ಲ ಅಂತ ಗೊತ್ತಾದಾಗ ಖುಷಿಪಡ್ಬೇಕೋ ಅಳ್ಬೇಕೋ ಗೊತ್ತಾಗದೆ ಆಟೋದಲ್ಲಿ ಕೂತು ವಾಂತಿ ಮಾಡಿದ್ದೀನಿ. ನೀನಿಲ್ಲಿ ಹಗುರಾಗಿ ಕೂತಿದ್ದೀಯ!”

ಮದುವೆಯಾದಂದಿನಿಂದ ‘ನೀವು’ ಎಂದವಳು. ‘ನೀನು’ ಎಂದುಬಿಟ್ಟಿದ್ದೆ. ಇಬ್ಬರಿಗೂ ಗೊತ್ತಾಯಿತು. ತಿದ್ದಿಕೊಳ್ಳಲಿಲ್ಲ.

ಅವನು ಅತ್ತ. ಸದ್ದಿಲ್ಲದೆ, ಗಡ್ಡದೊಳಗೆ.

ಅಮ್ಮನ ವಿಷಯ ಹೇಳಿದೆ. ವಾಲ್ವು, ಕಾಲಿನ ಊತ, ತಿಂಗಳ ಗಡುವು, ಹಟ. “ನನ್ನ ಜೊತೆ ಸಂಸಾರ ಮಾಡು ಅಂತ ಕರೆಯೋಕೆ ಬಂದಿಲ್ಲ. ಅಮ್ಮನ ಮುಂದೆ ಒಂದ್ಸಲ ಬಂದು ನಿಲ್ಲು. ಆಪರೇಷನ್ ಆಗ್ಲಿ. ಆಮೇಲೆ ಎಲ್ಲಿಗೆ ಬೇಕಾದ್ರೂ ಹೋಗು, ಹೇಳಿ ಹೋಗು.”

ಎಡಭುಜ ಎತ್ತಿ ಕಿವಿ ಉಜ್ಜಿಕೊಂಡ.

“ನಾಳೆ ಬೆಳಿಗ್ಗೆ ಸ್ಟೇಷನ್ನಿಗೆ ಬರ್ತೀನಿ.”

“ಬರ್ಲಿಲ್ಲ ಅಂದ್ರೆ?”

“ಬರ್ತೀನಿ ಅಂದ್ನಲ್ಲ.”

ಎರಡು ಟಿಕೆಟ್ ಮಾಡಿಸಿದ್ದೇನೆ. ಸಂಜೆ ನೀರಿನ ಅಂಚಿಗೆ ಕೂತೆ. ಮನಸ್ಸು ಒಂದು ಕಡೆ ನಿಲ್ಲದು. ಬರುತ್ತಾನೆ. ಬರುವುದಿಲ್ಲ. ನಾನು ಅಂಗಡಿಯಲ್ಲಿ ಕೇಳುವಂತೆಯೇ — ಈ ಗಾಜೋ, ಆ ಗಾಜೋ.

ಫೆಬ್ರವರಿ 18, ರೈಲಿನಲ್ಲಿ

ಬಂದ.

ಪ್ಲಾಟ್‌ಫಾರ್ಮಿನ ಕಂಬದ ಹತ್ತಿರ ನಿಂತಿದ್ದ. ಹೆಗಲಿಗೆ ಚೀಲ. ಒಗೆದ ಅಂಗಿ. ನಾನು ಬೋಗಿಯ ಬಾಗಿಲಲ್ಲಿ. ನಡುವೆ ಜನ, ಪೆಟ್ಟಿಗೆ, ಕೂಲಿಗಳು. ನನ್ನನ್ನು ನೋಡಿದ. ತಲೆ ಆಡಿಸಿದ. ನಾನು ಪಕ್ಕಕ್ಕೆ ಸರಿದು ಜಾಗ ಮಾಡಿದೆ.

ಸಿಳ್ಳೆ ಆಯಿತು. ಒಂದು ಹೆಜ್ಜೆ ಇಟ್ಟ. ಇನ್ನೊಂದು ಇಡಲಿಲ್ಲ.

ರೈಲು ಜಗ್ಗಿತು. ಅವನ ಬಾಯಿ ತೆರೆದಿತ್ತು. ಕಾಲು ನೆಲಕ್ಕೆ ಹೊಲಿದ ಹಾಗಿತ್ತು. ಕೂಗಬಹುದಿತ್ತು. ಕೂಗಿದ್ದರೆ ಓಡಿ ಬಂದು ಹತ್ತುತ್ತಿದ್ದನೇನೋ. ಕೂಗಲಿಲ್ಲ. ಯಾಕೋ ಗೊತ್ತಿಲ್ಲ. ಹತ್ತಿಸಿಕೊಂಡಿದ್ದರೆ ಊರು ಬರುವ ತನಕ ಅವನ ಅಂಗಿ ಹಿಡಿದು ಕೂರಬೇಕಾಗುತ್ತಿತ್ತು. ಆಮೇಲೂ.

ಪಕ್ಕದ ಸೀಟಿನಲ್ಲಿ ಯಾರೋ ಅಜ್ಜಿ ಕೂತು ನಿದ್ದೆ ಮಾಡುತ್ತಿದ್ದಾರೆ. ಏಳಿಸಿಲ್ಲ.

ಅತ್ತೆಗೆ ಏನು ಹೇಳಲಿ?

ಫೆಬ್ರವರಿ 20

ನಿಜ ಹೇಳಿದೆ.

ಇಡೀ ದಾರಿ ಸುಳ್ಳು ಹೊಂದಿಸಿಕೊಂಡು ಬಂದಿದ್ದೆ. ಟ್ರೇನಿಂಗ್ ಚೆನ್ನಾಗಿತ್ತು, ಮೆಷಿನ್ ದೊಡ್ಡದು. ಬಾಗಿಲು ತೆಗೆದ ನಾದಿನಿ ಪಕ್ಕಕ್ಕೆ ಸರಿದಳು, ಅತ್ತೆ ಮಂಚದಿಂದಲೇ ನನ್ನ ಮುಖ ನೋಡಿ “ಯಾರನ್ನ ನೋಡ್ಕೊಂಡು ಬಂದೆ?” ಎಂದರು. ಮುಗಿಯಿತು. ಹೊಂದಿಸಿದ್ದೆಲ್ಲ ಉದುರಿತು.

ಎಲ್ಲ ಕೇಳಿದರು. ನಾದಿನಿ ಗೋಡೆ ಹಿಡಿದು ನಿಂತಿದ್ದಳು. ನಾನು ಅತ್ತೆಯ ಎದೆಯನ್ನೇ ನೋಡುತ್ತಿದ್ದೆ, ಏರುತ್ತಿದೆಯೋ ಇಳಿಯುತ್ತಿದೆಯೋ. ಕೊನೆಗೆ —

“ಚಪ್ಪಲಿ ಕಾಯ್ತಾನಾ? ಮನೇಲಿ ಒಂದು ದಿನ ತನ್ನ ಚಪ್ಪಲಿ ನೆಟ್ಟಗೆ ಬಿಟ್ಟೋನಲ್ಲ!”

ಮಧ್ಯಾಹ್ನವೆಲ್ಲ ಗೋಡೆ ಕಡೆ ತಿರುಗಿ ಮಲಗಿದ್ದರು. ಕರೆದರೂ ಓಗೊಡಲಿಲ್ಲ. ಹೆದರಿ ಎರಡು ಸಲ ಮೂಗಿನ ಹತ್ತಿರ ಬೆರಳಿಟ್ಟು ನೋಡಿದೆ. ಎರಡನೇ ಸಲ “ಬದುಕಿದ್ದೀನಿ” ಎಂದರು. ಸಂಜೆ ತಾವೇ ಎದ್ದು ಕೂತರು.

“ಡಾಕ್ಟರಿಗೆ ಫೋನ್ ಮಾಡು.”

“ನಿಮ್ಮ ಮಗ ಬರೋದು—”

“ಬರ್ಲಿ, ಬಿಡ್ಲಿ. ಸತ್ತೋಗಿದ್ದಾನೆ ಅಂದ್ಕೊಂಡಿದ್ದೆ ಕಣೇ. ನಿಮ್ಮಿಬ್ರ ಮುಂದೆ ಹೇಳೋದು ಹೇಗೆ? ಅವ್ನೇ ಇಲ್ಲ ಅಂದ್ಮೇಲೆ ನಂಗ್ಯಾಕೆ ಹೊಸ ವಾಲ್ವು ಅಂತ...” ಸೆರಗಿನಿಂದ ಮೂಗು ಒರೆಸಿಕೊಂಡರು. “ಇದ್ದಾನಲ್ಲ. ಇರ್ಲಿ. ಎಲ್ಲೋ ಇರ್ಲಿ.”

ಮಗ ಬರಲಿ ಎಂದು ಕಾಯುತ್ತಿದ್ದಾರೆ ಎಂದೇ ತಿಳಿದಿದ್ದೆವು. ಅವರು ತಾವೇ ಹೊರಡಲು ಕಾಯುತ್ತಿದ್ದರು.

ಫೆಬ್ರವರಿ 26, ಆಸ್ಪತ್ರೆ

ಬೆಳಿಗ್ಗೆ ಒಳಗೆ ಕರೆದುಕೊಂಡು ಹೋದರು. ಸ್ಟ್ರೆಚರಿನ ಮೇಲಿಂದ “ಮನೆ ಗ್ಯಾಸ್ ಆಫ್ ಮಾಡಿದ್ದೀಯಾ?” ಎಂದು ಕೇಳಿದರು. ನಾದಿನಿ, ನಾನು, ಪ್ಲಾಸ್ಟಿಕ್ ಕುರ್ಚಿ. ಬಾಗಿಲಿನ ಮೇಲೆ ಕೆಂಪು ದೀಪ. ಹೇಳಿದ ಹೊತ್ತು ಮೀರಿದೆ. ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುತ್ತೇವೆ, ಬೇರೆಯವರ ಹೆಸರು ಕರೆಯುತ್ತಾರೆ. ಬರೆಯಲೂ ಆಗುತ್ತಿಲ್ಲ.

ಮಾರ್ಚ್ 4, ವಾರ್ಡು

ಇಷ್ಟು ದಿನ ಪೆನ್ನು ಮುಟ್ಟಿಲ್ಲ. ರಕ್ತ ನಿಲ್ಲದೆ ಇನ್ನೊಮ್ಮೆ ಒಳಗೆ ಕರೆದೊಯ್ದಿದ್ದರು. ಆ ದಿನಗಳನ್ನು ಬರೆಯುವುದಿಲ್ಲ. ನಿನ್ನೆ ವಾರ್ಡಿಗೆ ತಂದರು. ಗಂಜಿಗೆ ಉಪ್ಪಿಲ್ಲ ಎಂದು ನರ್ಸಮ್ಮನ ಹತ್ತಿರ ಜಗಳ. ಡಾಕ್ಟರು ನಕ್ಕು, ಇನ್ನು ಚಿಂತೆಯಿಲ್ಲ ಎಂದರು.

ಈಗ ಫೋನು. ಗೊತ್ತಿಲ್ಲದ ನಂಬರು. ಎತ್ತಿದೆ. ಆ ಕಡೆ ಉಸಿರು ಮಾತ್ರ, ಹಿಂದೆ ಆ ಹಾಡು. ಆ ಊರಿನದು. ಅತ್ತೆ ಕೈ ಚಾಚಿದರು. ಹೇಗೆ ಗೊತ್ತಾಯಿತೋ. ಕೊಟ್ಟೆ.

“ಯಾರು?” ಎಂದರು.

ಕಾದರು. ಮತ್ತೆ, ಜೋರಾಗಿ — “ಯಾರಪ್ಪ ಮಾತಾಡೋದು? ಹೆಸರು ಹೇಳು.”

ಇನ್ನೂ ಕಿವಿಯಿಂದ ತೆಗೆದಿಲ್ಲ. ಇಡುತ್ತಲೂ ಇಲ್ಲ. ನೋಡಲಾಗದೆ ಇಲ್ಲಿ ಬರೆಯುತ್ತ ಕೂತಿದ್ದೇನೆ. ಪಕ್ಕದ ಬೆಡ್ಡಿನವರು ಕೆಮ್ಮುತ್ತಿದ್ದಾರೆ, ಸುಮ್ಮನಿರಬಾರದೇ...

ಅತ್ತೆ ಕಣ್ಣು ಮುಚ್ಚಿದರು. “ಹ್ಞೂಂ” ಎಂದರು. ಇನ್ನೊಮ್ಮೆ “ಹ್ಞೂಂ.” ಈಗ ನನ್ನ ಕಡೆ ಕೈಯಾಡಿಸುತ್ತಿದ್ದಾರೆ, ದಿಂಬು ಎತ್ತರ ಮಾಡು ಅಂತ. ಕೂತು ಮಾತಾಡುತ್ತಾರಂತೆ. ಎದ್ದು ಹೋಗಿ ದಿಂಬು ಸರಿಮಾಡುತ್ತೇನೆ.