ಮೆಟ್ಟಿಲ ಬುಡದ ಗಂಟೆ

ಸ್ಟೋವರ್, ನೆಬ್ರಾಸ್ಕಾ
೧೨ ನವೆಂಬರ್ ೨೦೧೭, ಭಾನುವಾರ ಮಧ್ಯಾಹ್ನ

ಪ್ರೀತಿಯ ರೂಡಿ,

ಬೆರಳು ಹೇಗಿದೆ? ದೋಣಿಯ ಎಂಜಿನ್ ಬಿಚ್ಚುವಾಗ ಜಜ್ಜಿಹೋಯಿತೆಂದು ಈಸ್ಟರಿನ ದಿನ ನೀನು ಫೋನಿನಲ್ಲಿ ಹೇಳಿದ್ದೆ. ಹೊಸ ಉಗುರು ಬಂದಿರಬೇಕು. ಕೋಡಿಯಾಕ್‌ ದ್ವೀಪದಲ್ಲಿ ಈಗ ಸಂಜೆ ಬೇಗ ಕತ್ತಲಾಗುತ್ತದೆಂದು ಬಲ್ಲೆ. ಕೆಲಸ ಮುಗಿದ ಮೇಲೆ ಒದ್ದೆ ಕಾಲುಚೀಲದಲ್ಲೇ ಕೂತಿರಬೇಡ, ಚಿಕ್ಕಂದಿನಿಂದಲೂ ನಿನಗೆ ಆ ಚಾಳಿ. ನನ್ನ ಮೊಣಕಾಲು ಇದ್ದ ಹಾಗೇ ಇದೆ. ಮಂಡಿ ಬದಲಿಸೋಣ ಎನ್ನುತ್ತಾರೆ ಡಾಕ್ಟರು, ಚಳಿಗಾಲ ಕಳೆಯಲಿ ಎನ್ನುತ್ತೇನೆ ನಾನು. ಮೂರು ಚಳಿಗಾಲ ಹೀಗೇ ಕಳೆದಿವೆ.

ನಿನ್ನಪ್ಪ ತೀರಿಕೊಂಡು, ಹೊಲ ಮಾರಿ, ವಿಶ್ವವಿದ್ಯಾಲಯದ ಹುಡುಗರು ಒಟ್ಟಿಗೆ ವಾಸಿಸುವ ಈ ಸಂಘದ ಮನೆಗೆ, ಅವರನ್ನು ನೋಡಿಕೊಳ್ಳುವ ಮನೆತಾಯಿಯಾಗಿ ನಾನು ಬಂದು ಆರು ವರ್ಷವಾಯಿತು. ಇಲ್ಲಿಯ ವಿಷಯ ನೀನು ಒಮ್ಮೆಯೂ ಕೇಳಲಿಲ್ಲ. ನಾನೂ ಹೆಚ್ಚು ಹೇಳಲಿಲ್ಲ. ಹದಿನೆಂಟು ವರ್ಷದ ಹಿಂದೆ ನೀನು ಓದಲು ಬಂದು ಸುಮಾರು ಮೂರು ತಿಂಗಳಿದ್ದ ಸಂಘದ ಮನೆ ಇದೇ ಬೀದಿಯಲ್ಲಿ, ನಮ್ಮದರಿಂದ ಮೂರನೆಯದು. ಈಗ ಅದರ ಬಾಗಿಲಿಗೆ ಹಸಿರು ಬಣ್ಣ ಹೊಡೆದಿದ್ದಾರೆ. ಅಂಚೆ ಕಚೇರಿಗೆ ಹೋಗುವಾಗಲೆಲ್ಲ ಅದರ ಮುಂದೆಯೇ ನಡೆಯುತ್ತೇನೆ. ನಿನ್ನ ಕೋಣೆ ಯಾವ ಕಡೆಗಿತ್ತೆಂದು ನನಗೆ ಗೊತ್ತಿಲ್ಲ ಎನ್ನುವುದು ಮೊನ್ನೆ ಹೊಳೆಯಿತು.

ಇಲ್ಲಿ ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಅದನ್ನು ಮೊದಲೇ ಬರೆಯಬೇಕು, ಇಲ್ಲದಿದ್ದರೆ ಮುಂದಿನದು ನಿನಗೆ ಅರ್ಥವಾಗುವುದಿಲ್ಲ. ಸೋಮವಾರದ ರಾತ್ರಿಯೂಟಕ್ಕೆ ನಲವತ್ತು ಹುಡುಗರು ಟೈ ಕಟ್ಟಿಕೊಂಡು ಬರುತ್ತಾರೆ. ಸಂಘದ ಅಧ್ಯಕ್ಷ ಗ್ರಾಂಟ್ ನನ್ನ ಕೋಣೆಯ ಬಾಗಿಲಿಗೆ ಬಂದು ತೋಳು ಕೊಟ್ಟು ಕರೆದೊಯ್ಯುತ್ತಾನೆ. ನಾನು ಕೂರುವ ತನಕ ಎಲ್ಲರೂ ನಿಂತಿರುತ್ತಾರೆ, ನಾನು ಫೋರ್ಕ್ ಎತ್ತುವ ತನಕ ಯಾರೂ ಎತ್ತುವುದಿಲ್ಲ. ನಲವತ್ತೊಂದು ವರ್ಷದ ಸಂಸಾರದಲ್ಲಿ ನಿನ್ನಪ್ಪ ನನಗೆ ಒಂದು ದಿನವೂ ಕುರ್ಚಿ ಎಳೆದು ಕೊಟ್ಟವರಲ್ಲ. ಭಾನುವಾರ ಅಜ್ಜಿಯ ಲೆಕ್ಕದಲ್ಲೇ ಕೊಲಾಚೆ ಬನ್ನು ಮಾಡುತ್ತೇನೆ, ಒಣ ಪ್ಲಮ್ ಮತ್ತು ಗಸಗಸೆ ಹೂರಣ ಎರಡೂ. ತಟ್ಟೆ ಇಡುವ ಮುಂಚೆಯೇ ಜಗಳ. ಹೋದ ತಿಂಗಳು ಒಬ್ಬ ಇನ್ನೊಬ್ಬನನ್ನು ತೋರಿಸಿ, "ಮಾಮ್, ಇವನಿಗೆ ಕೊಡ್ಬೇಡಿ, ಮೊನ್ನೆ ಪರೀಕ್ಷೆಲಿ ಹೆಸರು ಮಾತ್ರ ಸರಿಯಾಗಿ ಬರ್ದಿದಾನೆ" ಎಂದ. ಇವರೆಲ್ಲರಿಗೂ ನಾನು ಮಾಮ್, ಅಂದರೆ ಅಮ್ಮ. ನಿನ್ನ ಬಾಯಲ್ಲಿ ಆ ಮಾತು ವರ್ಷಕ್ಕೆ ಎರಡು ಸಲ ಕೇಳುವವಳಿಗೆ ದಿನಕ್ಕೆ ನಲವತ್ತು ಸಲ ಕೇಳಿದರೆ ಏನಾಗುತ್ತದೆಂದು ನಾನು ವಿವರಿಸಲಾರೆ.

ನಮ್ಮ ಹಿಂದಿನ ಮನೆಯ ಹಿತ್ತಾಳೆ ಗಂಟೆ ನೆನಪಿದೆಯೇ? ಹಿಂಬಾಗಿಲಲ್ಲಿ ನಿಂತು ನಾನು ಅಲ್ಲಾಡಿಸಿದರೆ ಜೋಳದ ಸಾಲುಗಳ ನಡುವಿನಿಂದ ನೀನೂ ಅಪ್ಪನೂ ಊಟಕ್ಕೆ ಬರುತ್ತಿದ್ದಿರಿ. ಅದನ್ನು ಇಲ್ಲಿಗೆ ತಂದೆ. ಮನೆತಾಯಿ ಮಾಳಿಗೆ ಹತ್ತುವ ಮುಂಚೆ ಮೆಟ್ಟಿಲ ಬುಡದಲ್ಲಿ ನಿಂತು ಮೂರು ಸಲ ಗಂಟೆ ಹೊಡೆಯಬೇಕು ಎನ್ನುವುದು ಈ ಮನೆಯ ಹಳೆಯ ಪದ್ಧತಿ. ಹುಡುಗರು ಅಂಗಿ ತೊಟ್ಟುಕೊಳ್ಳಲಿ ಎಂದು. ಮೇಲಿನಿಂದ ಯಾರಾದರೂ "ಬನ್ನಿ ಮಾಮ್" ಎಂದ ಮೇಲೆ ಹತ್ತುವುದು. ಇದು ಮರ್ಯಾದೆ ಎಂದೇ ನಾನು ತಿಳಿದಿದ್ದೆ. ನನಗಿಂತ ಮುಂಚೆ ಇದ್ದವರೂ ಹಾಗೇ ತಿಳಿದಿದ್ದರು.

ಅಕ್ಟೋಬರ್ ಐದನೇ ತಾರೀಖು, ಗುರುವಾರ, ನಾಲ್ಕು ಗಂಟೆ. ಈ ವರ್ಷ ಸೇರಿದ ಹೊಸಬರಲ್ಲಿ ವೆಸ್ಲಿ ಎಂಬ ಹುಡುಗನಿದ್ದಾನೆ, ಪಶ್ಚಿಮದ ಕಡೆಯ, ದನ ಸಾಕುವ ಮನೆಯವನು, ಊಟವಾದ ಮೇಲೆ ತಟ್ಟೆಯನ್ನು ತಾನೇ ಅಡುಗೆಮನೆಗೆ ತಂದಿಡುವವನು. ಅವನ ತಾಯಿ ಕಳಿಸಿದ ಪೊಟ್ಟಣ ಬಂದಿತ್ತು. ಗಂಟೆಯನ್ನು ಉಪ್ಪು, ವಿನೆಗರ್ ಹಾಕಿ ತೊಳೆದು ಅಡುಗೆಮನೆಯ ಕಿಟಕಿಯಲ್ಲಿ ಒಣಗಲು ಇಟ್ಟಿದ್ದೆ. ಮರಳಿ ಅಲ್ಲಿಗೆ ನಡೆಯಲು ಮಂಡಿ ಒಪ್ಪಲಿಲ್ಲ. ಹಾಗೇ ಹತ್ತಿದೆ.

ಉದ್ದನೆಯ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಐವರು ಹೊಸಬರು ಹಣೆಯನ್ನು ಗೋಡೆಗೆ ಒತ್ತಿ, ಎರಡೂ ಕೈ ಅಗಲಿಸಿ, ಒಂದೊಂದು ಕೈಯಲ್ಲಿ ಒಂದೊಂದು ಇಟ್ಟಿಗೆ ಹಿಡಿದು ನಿಂತಿದ್ದರು. ಸಂಘ ಕಟ್ಟಿದವರ ಹೆಸರುಗಳನ್ನು ಒಪ್ಪಿಸುತ್ತಿದ್ದರು. ಒಬ್ಬ ತಪ್ಪಿದರೆ ಎಲ್ಲರೂ ಮೊದಲಿನಿಂದ. ವೆಸ್ಲಿಯ ತೋಳು ನಡುಗುತ್ತಿತ್ತು, ಅಂಗಿ ಬೆನ್ನಿಗೆ ಅಂಟಿತ್ತು. ಹಿರಿಯರು ಮೂವರು ಸೋಫಾದ ಮೇಲೆ ಕೂತು ಏನೋ ತಿನ್ನುತ್ತಿದ್ದರು. ಅದು ನನ್ನ ಕೊಲಾಚೆ. ಗಸಗಸೆಯದು. ವೆಸ್ಲಿ ಕೆನ್ನೆ ಹೊರಳಿಸಿದ, ನನ್ನನ್ನು ನೋಡಿದ. ಬೇರೆ ಯಾರೂ ನೋಡಲಿಲ್ಲ.

ಆಮೇಲೆ ನಾನು ಮಾಡಿದ್ದನ್ನು ಯಾರಿಗೂ ಹೇಳಿಲ್ಲ, ರೂಡಿ. ಸದ್ದಾಗದಂತೆ ಕಟಕಟೆ ಹಿಡಿದು ಮೆಟ್ಟಿಲಿಳಿದೆ. ಅಡುಗೆಮನೆಗೆ ಹೋಗಿ ಗಂಟೆ ತಂದೆ. ಬುಡದಲ್ಲಿ ನಿಂತು ಮೂರು ಸಲ ಹೊಡೆದೆ. ಮೇಲೆ ಓಡಾಟದ ಸದ್ದು, ಆಮೇಲೆ "ಬನ್ನಿ ಮಾಮ್". ಹತ್ತಿ ಹೋದಾಗ ಐವರೂ ನೆಲದ ಮೇಲೆ ಕೂತು ಟವೆಲ್ ಮಡಿಸುತ್ತಿದ್ದರು. ವೆಸ್ಲಿಗೆ ಪೊಟ್ಟಣ ಕೊಟ್ಟೆ. ಅವನು ಎರಡೂ ಕೈಯಿಂದ ತೆಗೆದುಕೊಂಡು "ಥ್ಯಾಂಕ್ಸ್ ಮಾಮ್" ಎಂದ. ನನ್ನ ಮುಖ ನೋಡಲಿಲ್ಲ.

ಅವರಿಗೆ ನಿಲ್ಲಿಸಲು ಒಂದು ಅವಕಾಶ ಕೊಟ್ಟೆ ಎಂದು ಆ ರಾತ್ರಿ ನನಗೆ ನಾನೇ ಹೇಳಿಕೊಂಡೆ. ನಿಲ್ಲಿಸಿದರಲ್ಲ ಎಂದೂ ಹೇಳಿಕೊಂಡೆ. ಹದಿನೇಳು ದಿನದ ಮೇಲೆ ವೆಸ್ಲಿಯನ್ನು ಆಸ್ಪತ್ರೆಗೆ ಒಯ್ದರು. ಬಸ್ಕಿ ಹೊಡೆಸಿ ಹೊಡೆಸಿ ತೊಡೆಯ ಮಾಂಸಖಂಡ ಒಡೆದು, ಅದು ರಕ್ತಕ್ಕೆ ಸೇರಿ, ಮೂತ್ರಪಿಂಡ ಕೆಟ್ಟಿತಂತೆ. ಜೀವಕ್ಕೆ ಅಪಾಯವಿಲ್ಲ. ಊರಿಗೆ ಹೋಗಿದ್ದಾನೆ, ಈ ವರ್ಷದ ಓದು ಹೋಯಿತು. ಹುಡುಗರೆಲ್ಲ ಒಂದೇ ಮಾತು ಹೇಳುತ್ತಿದ್ದಾರೆ: ಅವನಾಗಿಯೇ ಜಿಮ್‌ನಲ್ಲಿ ಅತಿ ಮಾಡಿಕೊಂಡ. ಹಿರಿಯರೇ ಮಾಡಿಸಿದರೆಂಬ ವೆಸ್ಲಿಯ ಮಾತಿಗೆ ಸಾಕ್ಷಿಯಿಲ್ಲ. ಉಳಿದ ನಾಲ್ವರು ಹೊಸಬರೂ ಬಾಯಿ ಬಿಡುತ್ತಿಲ್ಲ.

ವಿಶ್ವವಿದ್ಯಾಲಯ ಈಗ ಒಂದು ಸಮಿತಿ ಮಾಡಿದೆ, ಹುಡುಗರ, ಹುಡುಗಿಯರ ಸಂಘಗಳ ಬದುಕನ್ನು ಸುಧಾರಿಸಲು. ಅದರ ಮುಖ್ಯಸ್ಥೆ ಲಿಂಡ್‌ಗ್ರೆನ್ ಎಂಬಾಕೆ, ಸಣ್ಣ ದನಿಯವಳು, ಬೂಟಿನ ಮಣ್ಣನ್ನು ಬಾಗಿಲಲ್ಲೇ ಒರೆಸಿ ಬರುವವಳು. ಉಪನ್ಯಾಸ, ಗೋಡೆಗೆ ಅಂಟಿಸುವ ಫಲಕ, ಹೊಸ ನಿಯಮದ ಪುಸ್ತಕ ಎಲ್ಲ ಬರಲಿವೆ. ನಮ್ಮ ಬೀದಿಯ ಮನೆತಾಯಿಯರಿಗೆಲ್ಲ ಒಂದೊಂದು ಹಾಳೆ ಕೊಟ್ಟಿದ್ದಾಳೆ. ಈ ವರ್ಷ ಹೊಸಬರನ್ನು ಹಿಂಸಿಸುವುದನ್ನು ನಾನು ಕಂಡಿಲ್ಲ ಎಂದು ಅದರಲ್ಲಿದೆ, ಕೆಳಗೆ ಸಹಿಗೆ ಗೆರೆ. ಕಂಡಿದ್ದರೆ ಮಂಗಳವಾರ ಬಂದು ಹೇಳಬೇಕು. ಹುಡುಗಿಯರ ಮನೆಯ ಡೋರಿಸ್ ಓದದೆಯೇ ಸಹಿ ಹಾಕಿದಳು. "ನಮ್ ಹುಡ್ಗೀರು ಹೊಡ್ಯಲ್ಲ ವಿಲ್ಮಾ, ಮಾತು ಬಿಡ್ತಾರೆ ಅಷ್ಟೇ. ಅದನ್ನ ಯಾವ ಕಾಗದದಲ್ಲಿ ಬರೆಯೋದು?" ಎಂದಳು.

ನಿನ್ನೆ ಗ್ರಾಂಟ್ ಕಾಫಿ ತಂದುಕೊಟ್ಟ. ನಾನು ಕುಡಿಯುವ ಹಾಗೆಯೇ, ಹಾಲಿಲ್ಲದೆ. ಹಾಳೆ ಮೇಜಿನ ಮೇಲಿತ್ತು. ಅವನು ಬೆದರಿಸಲಿಲ್ಲ, ಬೆದರಿಸಿದ್ದರೆ ನನಗೆ ಸುಲಭವಾಗುತ್ತಿತ್ತು.

"ಮಾಮ್, ನೀವು ಗಂಟೆ ಹೊಡೀದೆ ಯಾವತ್ತೂ ಮೇಲೆ ಬಂದಿಲ್ಲ. ಅಷ್ಟು ಹೇಳಿದ್ರೆ ಸಾಕು. ಅದು ಸುಳ್ಳೂ ಅಲ್ವಲ್ಲ" ಎಂದ.

ಸಂಘ ಮುಚ್ಚಿದರೆ ಮನೆಯೂ ಮುಚ್ಚುತ್ತದೆ, ಆಗ ನೀವು ಎಲ್ಲಿಗೆ ಹೋಗ್ತೀರಿ ಎಂದೂ ಕೇಳಿದ. ನಿಜವಾದ ಕಾಳಜಿಯಿಂದಲೇ ಕೇಳಿದ. ಆರು ವರ್ಷದಲ್ಲಿ ನನ್ನ ಹುಟ್ಟುಹಬ್ಬವನ್ನು ಇವರು ಒಮ್ಮೆಯೂ ಮರೆತಿಲ್ಲ.

ಲಿಂಡ್‌ಗ್ರೆನ್ ನನ್ನನ್ನು ಕೇಳಿದರೆ ಸುಧಾರಣೆಗೆ ನನ್ನ ಬಳಿ ಒಂದೇ ಸಲಹೆ ಇದೆ. ಗಂಟೆ ತೆಗೆಯಿರಿ. ಅದು ನನ್ನ ಕೈಯಲ್ಲಿತ್ತು, ಕೆಲಸ ಮಾತ್ರ ಅವರದು ಮಾಡುತ್ತಿತ್ತು.

ಚಳಿಗೆ ಹುಷಾರು. ನಿನ್ನ ಜೊತೆ ಕೆಲಸ ಮಾಡುವವರಿಗೆ ನನ್ನ ನಮಸ್ಕಾರ ತಿಳಿಸು. ದೇವರು ನಿನ್ನನ್ನು ಒಣಗಿದ ಬಟ್ಟೆಯಲ್ಲಿ, ಬೆಚ್ಚನೆಯ ಕಡೆ ಇಟ್ಟಿರಲಿ.

ನಿನ್ನ ಅಮ್ಮ,
ವಿಲ್ಮಾ ಕುಚೇರಾ

ಮರೆತ ಮಾತು: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ೧೯೯೯ರ ಅಕ್ಟೋಬರಿನಲ್ಲಿ ನೀನು ಫೋನ್ ಮಾಡಿ "ಅಮ್ಮಾ, ನಾನು ಮನೆಗೆ ಬರ್ಲಾ?" ಎಂದು ಕೇಳಿದ್ದೆ. "ಎರಡು ತಿಂಗಳಿಗೇ ಸಾಕಾಯ್ತಾ? ಕುಚೇರಾ ಮನೆಯವರು ಅರ್ಧಕ್ಕೆ ಬಿಟ್ಟು ಬರೋರಲ್ಲ" ಎಂದೆ. ಮೂರು ವಾರ ಬಿಟ್ಟು ನೀನು ಬಂದೇಬಿಟ್ಟೆ. ಆ ಬೆಳಿಗ್ಗೆ ನೀನು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ತೋಳು ಎತ್ತಲಾಗದೆ ಬಾಯಿಯನ್ನು ಲೋಟದ ಹತ್ತಿರ ತಂದು ಕುಡಿದೆ. ನಾನು ನೋಡಿದೆ. ನೋಡಿ ಒಲೆಯ ಕಡೆ ತಿರುಗಿಕೊಂಡೆ. ನಿನ್ನ ಪ್ರಶ್ನೆಗೆ "ಬಾ" ಎನ್ನಬೇಕಿತ್ತು, ಅಷ್ಟೇ ಉತ್ತರ. ಹಾಳೆಗೆ ಸಹಿ ಹಾಕಿಲ್ಲ. ಗಂಟೆಯನ್ನು ಕೈಚೀಲದಲ್ಲಿ ಹಾಕಿದ್ದೇನೆ, ನಾಲಗೆಗೆ ಬಟ್ಟೆ ಸುತ್ತಿ. ಮಂಗಳವಾರ ಹತ್ತು ಗಂಟೆಗೆ ಅದನ್ನು ಲಿಂಡ್‌ಗ್ರೆನ್‌ಳ ಮೇಜಿನ ಮೇಲಿಟ್ಟು, ಐದನೇ ತಾರೀಖು ಎರಡು ಸಲ ಮೆಟ್ಟಿಲು ಹತ್ತಿದೆ ಎಂದು ಹೇಳುತ್ತೇನೆ. ನಾಳೆ ಸೋಮವಾರ. ಅವರ ಜೊತೆ ಊಟಕ್ಕೆ ಕೂರಬೇಕು.