ರಬ್ಬರ್ ಗಿಡದ ಪಾಲು

ಹಾಸ್ಟೆಲ್ ಕೋಣೆ,
ಸೆಪ್ಟೆಂಬರ್ 14, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣನಿಗೆ,

ಹೇಗಿದ್ದೀಯ? ಊಟ, ನಿದ್ದೆ ಸರಿಯಾಗಿದೆ ತಾನೇ? ಇಲ್ಲಿಗೆ ಬಂದು ಇಷ್ಟು ದಿನವಾದರೂ ಒಂದು ಸಾಲು ಬರೆಯಲಿಲ್ಲವೆಂದು ಮುಖ ಊದಿಸಿಕೊಂಡಿರುತ್ತೀಯ, ಗೊತ್ತು. ಬೈಯುವುದಿದ್ದರೆ ಈಗಲೇ ಬೈದು ಮುಗಿಸು, ಮುಂದೆ ನಗುವುದು ಬೇಕಾದಷ್ಟಿದೆ. ತಪ್ಪೆಲ್ಲ ಅಮ್ಮನದು. "ಕುಡಿತ ಬಿಡಿಸೋ ಕಡೆ ಇದಾನೆ, ಅವನಿಗೆ ಕುಡಿಯೋ ವಿಷಯ ಒಂದಕ್ಷರ ಬರೀಬೇಡ" ಎಂದು ಅಪ್ಪಣೆ ಮಾಡಿದ್ದಾಳೆ. ಇಲ್ಲಿ ನಡೆದದ್ದೆಲ್ಲ ಅದೇ ವಿಷಯ! ಅದನ್ನು ಬಿಟ್ಟರೆ ಹಾಸಿಗೆ ಗಟ್ಟಿ, ಸೊಳ್ಳೆ ಜಾಸ್ತಿ ಎಂದು ಬರೆಯಬೇಕಿತ್ತು. ಆದರೆ ಮುಂದಿನ ತಿಂಗಳು ಅಲ್ಲಿಂದ ಹೊರಟರೂ ನೀನು ಓದು ಮುಗಿಸಲು ಇಲ್ಲಿಗೆ ಬರುವುದಿಲ್ಲವಂತೆ. ಅಮ್ಮನ ಹತ್ತಿರ "ಕಾಲೇಜಲ್ಲಿ ಅಷ್ಟು ಜನ ಕುಡಿದ್ರು, ಎಲ್ರೂ ನೆಟ್ಟಗಿದಾರೆ. ಕೆಟ್ಟವನು ನಾನೊಬ್ಬನೇ. ಯಾವ ಮುಖ ಇಟ್ಕೊಂಡು ಹೋಗ್ಲಿ?" ಎಂದೆಯಂತೆ. ಅದನ್ನು ಕೇಳಿದ ಮೇಲೆ ಬಾಯಿಗೆ ಬೀಗ ಹಾಕಿಕೊಂಡು ಕೂರಲು ನನ್ನಿಂದಾಗಲಿಲ್ಲ.

ನಿನ್ನ ಸಸ್ಯಶಾಸ್ತ್ರ ವಿಭಾಗ ನೀನು ಬಿಟ್ಟುಹೋದ ಹಾಗೇ ಇದೆ. ಮೇಲಿನ ಮಹಡಿಯ ದೊಡ್ಡ ಕೋಣೆ, ಕಾಲು ಅಲ್ಲಾಡುವ ಅದೇ ಮೇಜು, ಕಿಟಕಿಯ ಮೂಲೆಯ ಕುಂಡದಲ್ಲಿ ಅದೇ ರಬ್ಬರ್ ಗಿಡ. ಬಾಯಿ ಬಿಟ್ಟರೆ ಬೇರಿನ ವಿಷಯವನ್ನೇ ಆಡುವ ನಿಮ್ಮ ಬೇರು ಮೇಷ್ಟ್ರೇ ಈಗ ವಿಭಾಗದ ಮುಖ್ಯಸ್ಥರು. ಆ ಗಿಡವೆಂದರೆ ಅವರಿಗೆ ಇವತ್ತಿಗೂ ಪ್ರಾಣ. ಹೊಸಬರನ್ನು ಬರಮಾಡಿಕೊಳ್ಳುವ ಪದ್ಧತಿಯೂ ಬದಲಾಗಿಲ್ಲ. ಶನಿವಾರ ಸಂಜೆ ಮೇಷ್ಟ್ರುಗಳೆಲ್ಲ ಮನೆಗೆ ಹೋದ ಮೇಲೆ ಎಲ್ಲರ ಕೈಗೂ ಒಂದೊಂದು ಗ್ಲಾಸು ರಮ್. ಹಿರಿಯರು ಮೇಜು ಬಡಿದು ಹಾಡುತ್ತಾರೆ, ಹಾಡು ಮುಗಿಯುವುದರೊಳಗೆ ಖಾಲಿ ಗ್ಲಾಸನ್ನು ತಲೆಕೆಳಗಾಗಿ ಹಿಡಿದು ತೋರಿಸಬೇಕು.

ಈ ಸಲ ಮೇಜು ಬಡಿದವನು ಕೊನೆಯ ವರ್ಷದವನು, ಎಲ್ಲರೂ ನಗಾರಿ ಎಂದೇ ಕರೆಯುತ್ತಾರೆ. ಅವನು ಗುಟ್ಟು ಹೇಳಿದರೂ ಪಕ್ಕದ ಕಟ್ಟಡಕ್ಕೆ ಕೇಳಿಸುತ್ತದೆ. ಗ್ಲಾಸು ಮೂಸಿದವಳೇ ಮುಖ ತಿರುಗಿಸಿದೆ. ಸುತ್ತ ನೋಡಿದರೆ ಎಲ್ಲರೂ "ಆಹಾ!" ಎನ್ನುತ್ತ ತುಟಿ ಒರೆಸಿಕೊಳ್ಳುತ್ತಿದ್ದಾರೆ. ನಾನೊಬ್ಬಳೇ ಪುಕ್ಕಲಿ ಎನಿಸಿಕೊಳ್ಳುವುದೇ? ಗಾಳಿ ಬೇಕೆನ್ನುವ ನೆಪದಲ್ಲಿ ಕಿಟಕಿಗೆ ಒರಗಿ, ಯಾರೂ ನೋಡದಾಗ ಗ್ಲಾಸನ್ನು ಕುಂಡಕ್ಕೆ ಬಗ್ಗಿಸಿಬಿಟ್ಟೆ. ಆಮೇಲಿನ ನನ್ನ ನಟನೆ ನೋಡಬೇಕಿತ್ತು! ತೊದಲಿದ್ದೇನು, ತೂರಾಡಿದ್ದೇನು, ಒಂದು ಕುರ್ಚಿಯ ಕ್ಷಮೆಯನ್ನೂ ಕೇಳಿದೆ. ನಗಾರಿ ಬೆನ್ನು ತಟ್ಟಿ, "ಭಲೇ ಗಟ್ಟಿಗಿತ್ತಿ!" ಎಂದ. ಜಂಭದಿಂದ ಕೋಣೆಗೆ ಬಂದು ಮಲಗಿದೆ.

ಸೋಮವಾರ ಬೆಳಗ್ಗೆ ನೋಡಿದರೆ ಗಿಡ ಜೋಲುಮುಖ ಹಾಕಿಕೊಂಡು ನಿಂತಿದೆ, ನೆಲದ ತುಂಬ ಎಲೆ. ಬೇರು ಮೇಷ್ಟ್ರು ಮಗುವಿಗೆ ಜ್ವರ ಬಂದವರಂತೆ ಓಡಾಡತೊಡಗಿದರು. "ಪ್ರತಿ ವರ್ಷ ಹೊಸಬರು ಬಂದ ಕೂಡ್ಲೇ ಇದಕ್ಕೆ ಈ ರೋಗ. ನೀವೇ ಹೊತ್ತು ತರ್ತೀರಿ ಕಣ್ರಯ್ಯಾ!" ಎಂದು ನಮ್ಮ ಚಪ್ಪಲಿಗಳನ್ನೆಲ್ಲ ಔಷಧಿ ನೀರಿನಲ್ಲಿ ಅದ್ದಿಸಿದರು. ಎಲೆ ಕತ್ತರಿಸಿದ್ದಾಯಿತು, ಸೂಕ್ಷ್ಮದರ್ಶಕದಲ್ಲಿ ನೋಡಿದ್ದಾಯಿತು. ನಾವೆಲ್ಲ ಮಹಾ ಗಂಭೀರವಾಗಿ "ಬೂಷ್ಟು ಇರಬಹುದು ಸಾರ್" ಎನ್ನುತ್ತಿದ್ದೆವು. ಕೊನೆಗೆ ಅವರು, "ನೀನು ಸ್ವಲ್ಪ ಮಣ್ಣು ಕೆದಕಮ್ಮ" ಎಂದು ಚಮಚ ಕೊಟ್ಟದ್ದು ನನ್ನ ಕೈಗೇ!

ಕೆದಕಿದೆ. ಗಪ್ಪೆಂದು ವಾಸನೆ ಎದ್ದಿತು. ಮೇಷ್ಟ್ರು ಬಗ್ಗಿ ಮೂಸಿದರು, ಇನ್ನೊಮ್ಮೆ ಮೂಸಿದರು.

"ಇದಕ್ಕೆ ರಮ್ ಕುಡಿಸಿದ್ದು ಯಾರು?"

ಮೆಲ್ಲಗೆ ಕೈ ಎತ್ತಿದೆ. ಪಕ್ಕದವಳು ನನ್ನನ್ನೇ ದುರುಗುಟ್ಟಿ ನೋಡಿ, "ಅಯ್ಯೋ, ನೀನೂನಾ?" ಎಂದು ತಾನೂ ಎತ್ತಿದಳು. ಹಿಂದಿನ ಸಾಲಿನಲ್ಲಿ ಒಂದು, ಬಾಗಿಲ ಬಳಿ ಎರಡು, ನೋಡನೋಡುತ್ತ ಕೋಣೆಯ ತುಂಬ ಕೈ. ಇಬ್ಬರು ಮಾತ್ರ ಎತ್ತಲಿಲ್ಲ. ಅವರಿಗೆ ರಮ್ ನಿಜಕ್ಕೂ ಇಷ್ಟವಂತೆ. ಕೊನೆಗೆ ಇಂಗು ತಿಂದ ಮಂಗನ ಮುಖ ಮಾಡಿಕೊಂಡು ನಗಾರಿ ಎದ್ದ. "ನನಗೆ ವಾಸನೆ ಕಂಡ್ರೇ ಆಗಲ್ಲ ಸಾರ್. ಅದಕ್ಕೇ ಮೇಜು ಬಡಿಯೋ ಕೆಲಸ ಹಿಡಿದಿದ್ದು." ಮೇಷ್ಟ್ರು ಸ್ಟೂಲಿನ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಹಾಗಾದ್ರೆ ಇಷ್ಟು ವರ್ಷ ಈ ವಿಭಾಗದ ದೊಡ್ಡ ಕುಡುಕ ಅಂದ್ರೆ ನನ್ನ ಗಿಡಾನೇ!" ನಮಗೆಲ್ಲ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.

ನಿನ್ನೆ ಸಂಜೆ ಮತ್ತೆ ಸೇರಿದ್ದೆವು. ಒಂದು ಜಗ್ ನಿಂಬೆ ಶರಬತ್ತು, ಪಕ್ಕದಲ್ಲೇ ಆ ಇಬ್ಬರ ಬಾಟಲಿ. ಯಾರ ಗ್ಲಾಸಿನಲ್ಲಿ ಏನಿದೆ ಎಂದು ಯಾರೂ ಕೇಳಲಿಲ್ಲ, ತಲೆಕೆಳಗು ಹಿಡಿದು ತೋರಿಸಲೂ ಇಲ್ಲ. ಶರಬತ್ತು ಕುಡಿದ ನಗಾರಿ ಎಷ್ಟು ಕೆಟ್ಟದಾಗಿ ಹಾಡಿದನೆಂದರೆ ಕಾವಲುಗಾರ ಬಂದು ಬೈದು ಹೋದ. ಇಷ್ಟು ಖುಷಿಯಾದ ಸಂಜೆ ಇಲ್ಲಿಗೆ ಬಂದಮೇಲೆ ಇನ್ನೊಂದಿಲ್ಲ.

ರಮ್ ಕುಡಿದ ಮಣ್ಣನ್ನೆಲ್ಲ ತೆಗೆದು ಗಿಡವನ್ನು ಹೊಸ ಕುಂಡಕ್ಕೆ ಹಾಕಬೇಕು. ಮೇಷ್ಟ್ರು ಯಾರನ್ನೂ ಮುಟ್ಟಗೊಡುತ್ತಿಲ್ಲ. "ಬೇರು ನೋಯಿಸದೆ ಕುಂಡ ಬದಲಾಯಿಸೋ ಕೈ ಅಂದ್ರೆ ನಿಮ್ಮಣ್ಣಂದು. ಅವನು ಬರ್ಲಿ. ಅಲ್ಲೀವರೆಗೂ ನೀರು ಹಾಕಿ ತೊಳೀತಿರ್ತೀನಿ ಅಂತ ಬರೆ" ಎಂದರು. ಬರೆದಿದ್ದೇನೆ.

ತಂಗಿ ಅಣ್ಣನಿಗೆ ಆಶೀರ್ವಾದ ಮಾಡುವ ಹಾಗಿಲ್ಲ ಎನ್ನುತ್ತಾರೆ. ಯಾರೂ ನೋಡುತ್ತಿಲ್ಲ, ಸ್ವಲ್ಪ ತಲೆ ಬಗ್ಗಿಸು. ನೂರು ವರ್ಷ ಸುಖವಾಗಿರು, ನನ್ನ ಪ್ರಯೋಗದ ಚಿತ್ರಗಳನ್ನೆಲ್ಲ ನೀನೇ ಬರೆದುಕೊಡುವಂತಾಗಲಿ.

ನಿನ್ನ
ಬಾಯ್ಬಡುಕಿ

ಮರೆತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ, ಹೇಳಲು ಧೈರ್ಯ ಬಂದಿರಲಿಲ್ಲ: ಆ ಸೋಮವಾರ ಒಬ್ಬರು ನಗಲಿಲ್ಲ. ನೀವೆಲ್ಲ ಕನ್ನಡಕ ಎಂದು ಕರೆಯುತ್ತಿದ್ದ ನಿನ್ನ ಸಹಪಾಠಿ, ಈಗ ನಮಗೆ ಪ್ರಯೋಗ ಹೇಳಿಕೊಡುತ್ತಾರೆ. ನಗಾರಿಯೂ ಎದ್ದಾದ ಮೇಲೆ, ಎಲ್ಲರಿಗಿಂತ ಕೊನೆಗೆ ಅವರೂ ಕೈ ಎತ್ತಿದ್ದರು. ಆಮೇಲೆ ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿ ಹೇಳಿದರು: "ನಾವು ಹೊಸಬರಾಗಿದ್ದಾಗ್ಲೂ ಎಲ್ರೂ ಕುಂಡಕ್ಕೇ ಹಾಕಿದ್ವಿ. ನಿಮ್ಮಣ್ಣ ಗ್ಲಾಸ್ ಹಿಡ್ಕೊಂಡು ನಮ್ಮ ಮುಖಾನೇ ನೋಡ್ತಿದ್ದ. ನಾವು ಖಾಲಿ ಗ್ಲಾಸ್ ತೋರಿಸಿದ್ವಿ. ಕಣ್ಣು ಮುಚ್ಚಿ ಕುಡಿದುಬಿಟ್ಟ. ಅವನ ಕುಡಿತ ಶುರುವಾಗಿದ್ದೇ ಅಲ್ಲಿಂದ. ಅವನು ನಮ್ಮನ್ನ ನಂಬಿದ್ದ ಕಣಮ್ಮ." ನನ್ನ ತೊದಲು, ತೂರಾಟ ಎಲ್ಲ ನೆನಪಾಗಿ ಅತ್ತುಬಿಟ್ಟೆ. ಅವರೂ ಅತ್ತರು. ನಿನ್ನನ್ನು ನೋಡಲು ಅಲ್ಲಿಗೆ ಬರಬೇಕೆಂದು ಎಷ್ಟೋ ಸಲ ಹೊರಟು, ಬಸ್ ನಿಲ್ದಾಣದಿಂದಲೇ ವಾಪಸಾದರಂತೆ. ಯಾವ ಮುಖ ಇಟ್ಟುಕೊಂಡು ಬರಲಿ ಎಂದು ಕೇಳಬೇಕಾದವರು ಅವರು ಅಣ್ಣಾ, ನೀನಲ್ಲ. ನೀನು ನಿನ್ನ ಅದೇ ಮುಖ ಇಟ್ಟುಕೊಂಡು ಬಾ.