ಬ್ರೇಕಿಲ್ಲದ ಬಸ್ಸಿನ ಲೆಕ್ಕ

ಬೆಸೆಂಟ್ ನಗರ, ಚೆನ್ನೈ
2 ಆಗಸ್ಟ್ 2025, ಶನಿವಾರ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಶಿರಾಡಿ ಘಾಟಿಯ ರೂಟಿಗೆ ಹಾಕಿದ ಮೇಲೆ ಸೊಂಟನೋವು ಜಾಸ್ತಿಯಾಗಿದೆ ಎಂದು ಅಮ್ಮ ಹೇಳಿದಳು. ಡಾಕ್ಟರು ಕೊಟ್ಟ ಬೆಲ್ಟು ಕಟ್ಟಿಕೊಳ್ಳುತ್ತಿದ್ದೀಯೋ, ಇಲ್ಲ ಅದು ಡ್ರೈವರ್ ಸೀಟಿನ ಹಿಂದೆ ನೇತಾಡುತ್ತಿದೆಯೋ? ಈ ಪತ್ರವನ್ನು ಮನೆಗಲ್ಲ, ಹಾಸನದ ಡಿಪೋಗೆ ಕಳಿಸುತ್ತಿದ್ದೇನೆ. ಫೋನು ಮಾಡಿದರೆ ಅಮ್ಮ ಸ್ಪೀಕರ್ ಹಾಕುತ್ತಾಳೆ, ಅಕ್ಕಪಕ್ಕದವರೆಲ್ಲ ಚೆನ್ನಾಗಿದ್ದೀಯಾ ಎನ್ನುತ್ತಾರೆ, ನಾನೂ ಹೂಂ ಎಂದುಬಿಡುತ್ತೇನೆ. ಚೆನ್ನಾಗಿಲ್ಲ ಅಪ್ಪಾ. ಕೆಳಗಿನ ಮನೆಯ ರಮಾಬಾಯಿ ಇದ್ದಾಗ ಮೆಟ್ಟಿಲ ಹತ್ತಿರ ನಿಂತು, "ಏನ್ಮಾ, ಸಾಪಾಡು ಆಯ್ತಾ?" ಎಂದು ತಮಿಳು ಬೆರೆಸಿದ ಕನ್ನಡದಲ್ಲಾದರೂ ಕೇಳುತ್ತಿದ್ದರು. ಅವರು ಮಗಳ ಬಾಣಂತನಕ್ಕೆ ಹೋಗಿ ಇಪ್ಪತ್ತು ದಿನವಾಯಿತು. ಸಂಜೆ ಬೀಚಿಗೆ ಹೋಗಿ ಸುಂಡಲ್ ಎನ್ನುವ ಕಡಲೆ ಉಸಲಿ ತಿಂದು ಬರುತ್ತೇನೆ. ಮಾರುವವನ ಹತ್ತಿರವೂ ನನ್ನದು ಬೆರಳಿನಲ್ಲೇ ವ್ಯವಹಾರ.

ನಾನು ಹೊರಟ ದಿನ ನೀನು ಕೇಳಿದ್ದೆ, "ಅದೇನವ್ವ ನೀ ಓದೋದು? ಡಿಪೋಲಿ ಕೇಳ್ತಾರೆ, ಏನಂತ ಹೇಳ್ಲಿ?" ಗಣಿತ ಅಂತ ಹೇಳು ಎಂದು ಜಾರಿಕೊಂಡಿದ್ದೆ. ಈಗ ಸರಿಯಾಗಿ ಹೇಳುತ್ತೇನೆ, ಕೇಳು. ಬಸ್ಸು ಎಲ್ಲಿದೆ ಎಂದಷ್ಟೇ ಗೊತ್ತಿದ್ದರೆ ಮುಂದಿನ ತಿರುವಿನಲ್ಲಿ ಏನಾಗುತ್ತದೆಂದು ಹೇಳಲಾಗದು. ಎಷ್ಟು ವೇಗ, ಎಷ್ಟು ಜನ ತುಂಬಿದ್ದಾರೆ, ಅದೂ ಬೇಕು. ಭಾರವನ್ನೂ ವೇಗವನ್ನೂ ಗುಣಿಸಿದ್ದಕ್ಕೆ ಸಂವೇಗ ಎನ್ನುತ್ತೇವೆ. ಹಾಳೆಯ ಮೇಲೆ ಅಡ್ಡಕ್ಕೆ ಸ್ಥಾನ, ಉದ್ದಕ್ಕೆ ಸಂವೇಗ ಇಟ್ಟರೆ ಒಂದು ಬಸ್ಸು ಒಂದು ಚುಕ್ಕೆ. ಸ್ವಲ್ಪ ಸ್ವಲ್ಪವೇ ವ್ಯತ್ಯಾಸವಿರುವ ಸಾವಿರಾರು ಬಸ್ಸು ಇಟ್ಟರೆ ಒಂದು ಮಚ್ಚೆ. ಕಾಲ ಕಳೆದಂತೆ ಆ ಮಚ್ಚೆ ಕಲಸಿದ ಹಿಟ್ಟಿನ ಹಾಗೆ ಎಳೆದುಕೊಳ್ಳುತ್ತದೆ, ಸೊಟ್ಟಗಾಗುತ್ತದೆ, ಆದರೆ ಅದರ ವಿಸ್ತೀರ್ಣ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಎಂಜಿನ್ ಆಫ್ ಮಾಡಿ ಇಳಿಜಾರಿನಲ್ಲಿ ಬಿಟ್ಟಿರಬೇಕು, ಬ್ರೇಕಾಗಲಿ ಘರ್ಷಣೆಯಾಗಲಿ ಇರಬಾರದು, ಅಷ್ಟೇ ಷರತ್ತು. ಬ್ರೇಕಿಲ್ಲದ ಬಸ್ಸಿನ ಲೆಕ್ಕ ಹಾಕಲು ಚೆನ್ನೈವರೆಗೆ ಹೋಗಬೇಕಿತ್ತೇ ಎಂದು ನೀನು ನಗುತ್ತೀಯ, ಗೊತ್ತು.

ಆ ವಿಸ್ತೀರ್ಣವನ್ನೇ ಅಳತೆಗೋಲಾಗಿ ಹಿಡಿದು ಕಟ್ಟಿದ್ದು ಸಿಂಪ್ಲೆಕ್ಟಿಕ್ ಜ್ಯಾಮಿತಿ. ಶಾಲೆಯ ಜ್ಯಾಮಿತಿಯಲ್ಲಿ ಪ್ರತಿ ಗೆರೆಗೂ ಅದರದೇ ಉದ್ದ ಇರುತ್ತದೆ. ಇಲ್ಲಿ ಒಂಟಿ ಗೆರೆಯ ಅಳತೆ ಸೊನ್ನೆ. ಇನ್ನೊಂದು ಜೊತೆಗಿದ್ದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಇದನ್ನು ಮೊದಲ ಸಲ ಓದಿದ ದಿನ ಲೈಬ್ರರಿಯಲ್ಲಿ ಕೂತು ಅತ್ತುಬಿಟ್ಟೆ. ಪಕ್ಕದಲ್ಲಿದ್ದವನು ಪುಸ್ತಕ ಎತ್ತಿಕೊಂಡು ಬೇರೆ ಮೇಜಿಗೆ ಹೋದ.

ಅಜ್ಜಿಗೆ ನನ್ನ ನಮಸ್ಕಾರ ತಿಳಿಸು. ಅಮ್ಮನ ಮುಂದೆ ಮಾತ್ರ ಈ ಪತ್ರದ ಸುದ್ದಿ ಎತ್ತಬೇಡ.

ನಿನ್ನ ಮಗಳು,
ನಾಗಮಣಿ

ಮತ್ತೊಂದು ಮಾತು: ಜೂನಿನ ಪರೀಕ್ಷೆ ಪಾಸಾದೆ ಎಂದಿದ್ದು ಸುಳ್ಳು. ಬೋರ್ಡಿನ ಮುಂದೆ ನಿಂತು ಇದನ್ನೇ ವಿವರಿಸಬೇಕಿತ್ತು. ವಿಸ್ತೀರ್ಣ ಯಾಕೆ ಬದಲಾಗುವುದಿಲ್ಲ ಎಂದು ನಮ್ಮ ಗೈಡ್ ನೀರಜಾ ಮೇಡಂ ಇಂಗ್ಲಿಷಿನಲ್ಲಿ ಕೇಳಿದರು. ಉತ್ತರ ಗೊತ್ತಿತ್ತು, ಬಾಯಿ ಕಟ್ಟಿಹೋಯಿತು. ಹದಿನಾಲ್ಕನೇ ತಾರೀಖು ಗುರುವಾರ ಮೂರು ಗಂಟೆಗೆ ಕೊನೆಯ ಅವಕಾಶ. ತಪ್ಪಿದರೆ ಇಲ್ಲಿಂದ ಗಂಟುಮೂಟೆ ಕಟ್ಟಬೇಕು. ಯಾರು ಬೇಕಾದರೂ ಬಂದು ಕೂರಬಹುದಂತೆ. ಎರಡು ದಿನ ರಜೆ ಹಾಕಿ ಬರ್ತೀಯಾ ಅಪ್ಪಾ? ನಿನಗೆ ಒಂದಕ್ಷರ ತಿಳಿಯದಿದ್ದರೂ ಪರವಾಗಿಲ್ಲ. ನಿನಗೇ ಹೇಳುತ್ತಿದ್ದೇನೆ ಅಂದುಕೊಂಡರೆ ನನಗೆ ಮಾತು ಬರುತ್ತದೆ.